ನಾಯಿಯ ಬಣ್ಣದ ಕೌಲ್ ಎಲ್ಲಿ ಕೆಟ್ಟಿತು? ಬಿಚ್ಚುವ ಮೊದಲು ಒಳಮೈ ನೋಡಿ

ನನ್ನ ನಾಯಿ ಗುಂಡನಿಗೆ ಅಂತ ನಾನು ಹೆಣೆದ ಮೊದಲ ಕೌಲ್ ಅವನ ಕತ್ತಿಗೆ ಹೋಗಲೇ ಇಲ್ಲ. ಮೂತಿ ದಾಟಿತು, ಕಣ್ಣಿನ ತನಕ ಬಂತು, ಅಲ್ಲೇ ಸಿಕ್ಕಿಕೊಂಡಿತು. ಕಣ್ಣು ಕಾಣದೆ ಪಾಪ ಅವನು ಅಲ್ಲಾಡದೆ ನಿಂತುಬಿಟ್ಟ. ಬಾಲ ಮಾತ್ರ ಆಡುತ್ತಿತ್ತು. ನಾಲ್ಕು ಸಂಜೆಯ ಕೆಲಸ ಅದು. ಸಿಟ್ಟು ಬಂದು ಪೂರ್ತಿ ಬಿಚ್ಚಿ ಹಾಕಿದೆ. ದಪ್ಪ ಕಡ್ಡಿ ತಗೊಂಡು ಮತ್ತೆ ಹೆಣೆದೆ. ಎರಡನೆಯದೂ ಅದೇ ಕಣ್ಣಿನ ಹತ್ತಿರ ಬಂದು ನಿಂತಿತು.

ಆಮೇಲೆ ಗೊತ್ತಾಯಿತು, ತಪ್ಪು ಕಡ್ಡಿಯದ್ದಲ್ಲ. ಕ್ಯಾಸ್ಟ್ ಆನ್ ಮಾಡಿದ ಅಂಚು, ಅಂದರೆ ಹೆಣಿಗೆ ಶುರು ಮಾಡಲು ಕಡ್ಡಿಗೆ ಹಾಕಿದ ಮೊದಲ ಸಾಲು, ಬಿಗಿಯಾಗಿತ್ತು. ಎರಡೂ ಸಲ ನನ್ನ ಕೈ ಅದೇ ಬಿಗಿಯಲ್ಲಿ ಹಾಕಿತ್ತು. ಆ ಅಂಚೊಂದನ್ನೇ ಬಿಚ್ಚಿ ಸರಿ ಮಾಡಿದ್ದರೆ ಅರ್ಧ ಗಂಟೆಯಲ್ಲಿ ಮುಗಿಯುತ್ತಿತ್ತು.

ಹಾಗಾಗಿ ಕೌಲ್ ಕೆಟ್ಟಿದೆ ಅನ್ನಿಸಿದ ಕೂಡಲೇ ಬಿಚ್ಚಬೇಡಿ. ಮೊದಲು ಒಳಮೈ ಹೊರಗೆ ಮಾಡಿ, ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ಬಣ್ಣದ ಹೆಣಿಗೆಯ ಮುಕ್ಕಾಲು ರೋಗ ಹಿಂಬದಿಯಲ್ಲೇ ಕಾಣುತ್ತದೆ.

ಹೊಸಬರಿಗೆ ಒಂದು ಮಾತು. ಕೌಲ್ ಅಂದರೆ ಕತ್ತಿಗೆ ಹಾಕುವ, ಎರಡೂ ಕಡೆ ಬಾಯಿರುವ ಕೊಳವೆಯಂಥ ಹೆಣಿಗೆ. ಇಲ್ಲಿ ಹೇಳುತ್ತಿರುವುದು ಒಂದೇ ಸುತ್ತಿನಲ್ಲಿ ಎರಡು ಬಣ್ಣದ ಉಲ್ಲನ್ ಓಡುವ ಬಗೆ. ಬೇಕಾದ ಬಣ್ಣ ಸ್ಟಿಚ್ ಆಗಿ ಮುಂದೆ ಬರುತ್ತದೆ, ಬೇಡದ ಬಣ್ಣ ಹಿಂದೆ ಅಡ್ಡಲಾಗಿ ಹಾಯ್ದು ಹೋಗುತ್ತದೆ. ಹಾಗೆ ಹಿಂದೆ ಹಾಯುವ ಎಳೆಯೇ ಫ್ಲೋಟ್. ಶೆಟ್ಲೆಂಡ್‌ನ ಫೇರ್ ಐಲ್ ದ್ವೀಪದ ಹೆಸರಲ್ಲಿ ಪ್ರಸಿದ್ಧವಾದ ಹೆಣಿಗೆ ಇದೇ. ಅಲ್ಲಿನ ಹಳೆಯ ಪದ್ಧತಿಯಲ್ಲಿ ಇಡೀ ಸ್ವೆಟರಿನಲ್ಲಿ ಎಷ್ಟೇ ಬಣ್ಣ ಇದ್ದರೂ ಒಂದು ಸುತ್ತಿಗೆ ಎರಡೇ. ನಾಯಿಯ ಕೌಲ್‌ನಲ್ಲಂತೂ ಮೂರನೆಯ ಬಣ್ಣದ ಆಸೆಗೆ ಬೀಳಲೇಬೇಡಿ. ಹಿಂದೆ ಎಳೆ ಜಾಸ್ತಿ ಆದಷ್ಟೂ ಹಿಗ್ಗುವುದು ಕಡಿಮೆ.

ಕೈಯಲ್ಲಿ ಇರಬೇಕಾದ್ದು ಟೇಪು, ಮೊಂಡು ತುದಿಯ ದಪ್ಪ ಸೂಜಿ, ಒಂದು ಬಿಳಿ ಬಟ್ಟೆ, ಫೋನಿನ ಕ್ಯಾಮೆರಾ. ಸಾಧ್ಯವಿದ್ದರೆ ನಾಯಿ.

ತಲೆ ದಾಟುತ್ತಿಲ್ಲ

ಜಾಸ್ತಿ ಜನ ಸೋಲುವುದು ಇಲ್ಲೇ. ಅದಕ್ಕೇ ಇದನ್ನು ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

ನಾಯಿಯ ಎರಡು ಅಳತೆ ಬೇಕು. ಕತ್ತಿನದ್ದು ಎಲ್ಲರೂ ತಗೊಳ್ಳುತ್ತಾರೆ. ತಲೆಯದ್ದು ಮರೆಯುತ್ತಾರೆ. ಗದ್ದದ ಕೆಳಗಿಂದ ಟೇಪು ಸುತ್ತಿ, ಕಿವಿಯ ಬುಡದ ಹತ್ತಿರ ಎಲ್ಲಿ ತಲೆ ಅತಿ ಅಗಲವೋ ಅಲ್ಲಿ ಅಳೆಯಿರಿ. ಗುಂಡನ ಕತ್ತು 36 ಸೆಂಟಿಮೀಟರ್, ತಲೆ 43. ಅಂದರೆ 37 ಸೆಂಟಿಮೀಟರಿನ ಕೌಲ್ ಹಾಕುವಾಗ 6 ಸೆಂಟಿಮೀಟರ್ ಹಿಗ್ಗಬೇಕು, ಶೇಕಡಾ 16ರಷ್ಟು. ಬರೀ ರಿಬ್ (ಉಬ್ಬು ತಗ್ಗು ಗೆರೆ ಬರುವ ಹೆಣಿಗೆ) ಆಗಿದ್ದರೆ ಇದು ಲೆಕ್ಕಕ್ಕೇ ಇಲ್ಲ, ಆರಾಮಾಗಿ ಹಿಗ್ಗುತ್ತದೆ. ಎರಡು ಬಣ್ಣದ ಹೆಣಿಗೆ ಮಾತ್ರ ಮೊಂಡು ಮಾಡುತ್ತದೆ.

ಯಾಕೆ ಅಂತ ಒಮ್ಮೆ ದಾರವನ್ನೇ ನೋಡಿ. ಸ್ಟಿಚ್ ಅಂದರೆ ಬಾಗಿದ ದಾರ. ಎಳೆದರೆ ಬಾಗು ನೆಟ್ಟಗಾಗುತ್ತಾ ಅಗಲವಾಗುತ್ತದೆ. ಫ್ಲೋಟ್ ನೆಟ್ಟಗಿರುವ ದಾರ. ಅದರಲ್ಲಿ ಬಿಡುವುದಕ್ಕೆ ಏನೂ ಉಳಿದಿರುವುದಿಲ್ಲ. ಹೆಣೆಯುವಾಗ ನೀವು ಹಿಂದೆ ಎಷ್ಟು ಉದ್ದ ಬಿಟ್ಟಿರೋ ಬಟ್ಟೆ ಅಷ್ಟೇ ಹಿಗ್ಗುತ್ತದೆ, ಒಂದು ನೂಲೂ ಜಾಸ್ತಿ ಇಲ್ಲ.

ಈಗ ಪರೀಕ್ಷೆ. ಕೌಲ್ ಮೇಜಿನ ಮೇಲೆ ಇಡಿ. ಮೇಲಿನ ಬಾಯಿಗೆ ಎರಡೂ ಕೈ ತೂರಿಸಿ, ನಿಲ್ಲುವ ತನಕ ಎಳೆಯಿರಿ. ಯಾರಾದರೂ ಟೇಪು ಹಿಡಿಯಲಿ. ಬಂದ ಅಗಲವನ್ನು ಎರಡರಿಂದ ಗುಣಿಸಿ ಬರೆದುಕೊಳ್ಳಿ. ನಡುವಿನ ಬಣ್ಣದ ಭಾಗಕ್ಕೂ ಕೆಳಗಿನ ಬಾಯಿಗೂ ಹಾಗೇ ಮಾಡಿ. ಮೂರು ಸಂಖ್ಯೆ ಸಿಗುತ್ತವೆ. ಅವುಗಳಲ್ಲಿ ಯಾವುದು ಹಿಂದೆ ಬಿದ್ದಿದೆ ಅನ್ನುವುದೇ ಉತ್ತರ.

ನಡು 45ರ ತನಕ ಹೋಗುತ್ತದೆ, ಒಂದು ಬಾಯಿ 39ಕ್ಕೇ ನಿಲ್ಲುತ್ತದೆ ಅಂದುಕೊಳ್ಳಿ. ದೋಷ ಆ ಅಂಚಿನದ್ದು, ಒಳಗಿನ ಹೆಣಿಗೆಗೆ ಕೈ ಹಚ್ಚಬೇಡಿ. ಕ್ಯಾಸ್ಟ್ ಆಫ್ ಮಾಡಿದ, ಅಂದರೆ ಕೊನೆಯಲ್ಲಿ ಮುಚ್ಚಿದ ಅಂಚಾದರೆ ಸುಲಭ. ಬಿಚ್ಚಿ, 4 ಮಿಲಿಮೀಟರ್ ಕಡ್ಡಿ ಬಳಸಿದ್ದರೆ 5ರಲ್ಲಿ ಮತ್ತೆ ಮುಚ್ಚಿ. ನನ್ನ ಹಾಗೆ ಕೈ ಬಿಗಿ ಇರುವವರಿಗೆ ಅದೂ ಸಾಲದು. ಆಗ ಪ್ರತಿ ಸ್ಟಿಚ್ ಮುಚ್ಚುವ ಮೊದಲು ಕಡ್ಡಿಗೆ ದಾರವನ್ನು ಒಮ್ಮೆ ಸುತ್ತಿ, ಆ ಸುತ್ತನ್ನು ಸ್ಟಿಚ್‌ನ ಮೇಲಿಂದ ದಾಟಿಸಿ ಮುಂದೆ ಹೋಗಿ. ದಾರ ಜಾಸ್ತಿ ತಿನ್ನುತ್ತದೆ, ಆದರೆ ಅಂಚು ರಬ್ಬರಿನ ಹಾಗೆ ಬರುತ್ತದೆ.

ಕ್ಯಾಸ್ಟ್ ಆನ್ ಅಂಚಾದರೆ ಸ್ವಲ್ಪ ಗುಂಡಿಗೆ ಬೇಕು. ಅಂಚಿನ ಮೇಲಿನ ಒಂದು ಸುತ್ತಿನಲ್ಲಿ ಒಂದೇ ಒಂದು ಸ್ಟಿಚ್‌ನ ಕಾಲನ್ನು ಕತ್ತರಿಸಿ. ಸೂಜಿಯ ತುದಿಯಿಂದ ಆ ಸುತ್ತಿನ ದಾರವನ್ನು ಒಂದೊಂದೇ ಸ್ಟಿಚ್‌ನಿಂದ ಹೊರಗೆ ಎಳೆಯುತ್ತಾ ಬನ್ನಿ. ಕ್ಯಾಸ್ಟ್ ಆನ್ ಪಟ್ಟಿ ಪೂರ್ತಿ ಕಳಚಿ ಬರುತ್ತದೆ. ಬಾಯಿ ಬಿಟ್ಟುಕೊಂಡ ಸ್ಟಿಚ್‌ಗಳನ್ನು ಕಡ್ಡಿಗೆ ಏರಿಸಿ, ಮೇಲೆ ಹೇಳಿದ ಹಾಗೇ ಸಡಿಲವಾಗಿ ಮುಚ್ಚಿ. ಮೊದಲ ಸಲ ಕತ್ತರಿ ಹಾಕುವಾಗ ನನ್ನ ಕೈ ನಡುಗಿತ್ತು. ಹೆಣಿಗೆ ಪಕ್ಕಕ್ಕೆ ಹರಿದುಕೊಂಡು ಹೋಗುವುದಿಲ್ಲ, ಹೆದರಬೇಡಿ. ಏರಿಸುವ ತನಕ ಎಳೆದಾಡದಿದ್ದರೆ ಆಯಿತು.

ಮುಂದಿನ ಸಲಕ್ಕೆ ಒಂದು ಕಿವಿಮಾತು. ಎರಡು ಕಡ್ಡಿ ಜೋಡಿಸಿ ಹಿಡಿದು ಕ್ಯಾಸ್ಟ್ ಆನ್ ಮಾಡಿದರೆ ಸಡಿಲ ಬರುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ನಾನೂ ಮಾಡಿದೆ. ಸ್ಟಿಚ್‌ಗಳು ಜೋಲು ಬಿದ್ದವು, ಅಂಚು ಮಾತ್ರ ಹಾಗೇ ಬಿಗಿ. ಅಂಚು ಹಿಗ್ಗುವುದು ಒಂದು ಸ್ಟಿಚ್‌ಗೂ ಇನ್ನೊಂದಕ್ಕೂ ನಡುವೆ ಬಿಡುವ ಜಾಗದಿಂದ. ಒಂದೇ ಕಡ್ಡಿ ಹಿಡಿದು, ಪ್ರತಿ ಸ್ಟಿಚ್ ನಡುವೆ 3 ಮಿಲಿಮೀಟರ್ ಬಿಟ್ಟು ಹಾಕಿ ನೋಡಿ.

ಎರಡೂ ಬಾಯಿ ಚೆನ್ನಾಗಿ ಹಿಗ್ಗಿ, ನಡುಭಾಗ ಮಾತ್ರ 39ಕ್ಕೆ ಗಟ್ಟಿಯಾಗಿ ನಿಂತರೆ ಫ್ಲೋಟ್ ಗಿಡ್ಡ. ಅದನ್ನು ಮುಂದಿನ ಭಾಗದಲ್ಲಿ ನೋಡೋಣ.

ಮೂರೂ ಕಡೆ ಸಮವಾಗಿ ಹಿಗ್ಗುತ್ತವೆ, ಆದರೆ ಮೂರೂ ಸಾಲದು. ಆಗ ಲೆಕ್ಕ ತಪ್ಪಿದೆ. ಬಣ್ಣದ ಭಾಗದ ನಡುವೆ ಟೇಪು ಇಟ್ಟು, 10 ಸೆಂಟಿಮೀಟರಿಗೆ ಎಷ್ಟು ಸ್ಟಿಚ್ ಅಂತ ಎಣಿಸಿ. ಇದೇ ಗೇಜ್. ರಿಬ್ ಮೇಲೆ ಎಣಿಸಬೇಡಿ, ಅದು ಸುಳ್ಳು ಹೇಳುತ್ತದೆ. 24 ಬರುತ್ತದೆ ಅಂತ ನಂಬಿ 88 ಸ್ಟಿಚ್ ಹಾಕಿದಿರಿ, ಬಂದಿರುವುದು 26. ಎರಡೇ ಸ್ಟಿಚ್ ವ್ಯತ್ಯಾಸ ಅಲ್ವಾ ಅನ್ನಿಸುತ್ತದೆ. 88 ಸ್ಟಿಚ್ 24ರ ಗೇಜ್‌ನಲ್ಲಿ 36.7 ಸೆಂಟಿಮೀಟರ್, 26ರಲ್ಲಿ 33.8. ಸುಮಾರು 3 ಸೆಂಟಿಮೀಟರ್ ಅಲ್ಲೇ ಹೋಯಿತು. ಚಿಕ್ಕ ತಲೆಯ ನಾಯಿಗೆ ಅಷ್ಟೇ ಸಾಕು, ಕೌಲ್ ಹಣೆಪಟ್ಟಿ ಆಗುತ್ತದೆ.

ಗೇಜ್ ತಪ್ಪುವುದಕ್ಕೆ ದೊಡ್ಡ ಕಾರಣ, ಗೇಜ್ ನೋಡಲು ಮೊದಲು ಹೆಣೆಯುವ ಮಾದರಿ ತುಂಡು. ಅದನ್ನು ಚಪ್ಪಟೆಯಾಗಿ, ಒಂದು ಸಾಲು ನಿಟ್ (ನೇರ ಸ್ಟಿಚ್) ಒಂದು ಸಾಲು ಪರ್ಲ್ (ಉಲ್ಟಾ ಸ್ಟಿಚ್) ಅಂತ ಹೆಣೆದಿರುತ್ತೀರಿ. ಕೌಲ್ ಸುತ್ತಿನಲ್ಲಿ ಬರೀ ನಿಟ್. ಬಹಳ ಜನರ ಕೈಗೆ ಪರ್ಲ್ ಬೇರೆ ಬಿಗಿ, ನಿಟ್ ಬೇರೆ ಬಿಗಿ. ಹಾಗಾಗಿ ಮಾದರಿ ತುಂಡನ್ನೂ ಬರೀ ನಿಟ್‌ನಲ್ಲೇ ಮಾಡಿ. ಸಾಲು ಮುಗಿದ ಮೇಲೆ ತಿರುಗಿಸಬೇಡಿ. ಸ್ಟಿಚ್‌ಗಳನ್ನು ಕಡ್ಡಿಯ ಇನ್ನೊಂದು ತುದಿಗೆ ಜಾರಿಸಿ, ದಾರಗಳನ್ನು ಹಿಂದಿನಿಂದ ಸಡಿಲವಾಗಿ ಹಾಯಿಸಿ, ಮತ್ತೆ ಬಲದಿಂದ ಶುರು ಮಾಡಿ. ಹಿಂದೆ ಗಡ್ಡ ಬಿಟ್ಟ ಹಾಗೆ ಕಾಣುತ್ತದೆ, ಪರವಾಗಿಲ್ಲ. ತೊಳೆದು ಒಣಗಿಸಿದ ಮೇಲೆ ಎಣಿಸಿ. ಬಣ್ಣದ ಭಾಗಕ್ಕೆ ಮಾತ್ರ ಕಡ್ಡಿ ಒಂದು ಅಳತೆ ದೊಡ್ಡದು ಬೇಕಾಗುವುದು ಸಾಮಾನ್ಯ. ನನಗೆ ಸಾದಾ ಭಾಗಕ್ಕೆ 3.5, ಬಣ್ಣಕ್ಕೆ 4.

ಮೂರೂ ಸಂಖ್ಯೆ 43 ದಾಟುತ್ತವೆ, ಆದರೂ ಹೋಗುತ್ತಿಲ್ಲ ಅಂದರೆ ದೋಷ ಹೆಣಿಗೆಯಲ್ಲಿ ಇಲ್ಲ. ಕಾಲುಚೀಲ ಹಾಕುವ ಹಾಗೆ ಕೌಲ್ ಪೂರ್ತಿ ಮುದುರಿ ಬಳೆಯಷ್ಟು ಮಾಡಿಕೊಳ್ಳಿ. ಮೂತಿ ದಾಟಿಸಿ, ಕಿವಿಗಳನ್ನು ಹಿಂದಕ್ಕೆ ಮಡಚಿ ಒಂದೊಂದಾಗಿ ಒಳಗೆ ತೂರಿಸಿ, ಆಮೇಲೆ ಬಿಡಿಸಿ. ಅದಕ್ಕೂ ಒಪ್ಪದಿದ್ದರೆ ನಾಯಿಗೆ ಇಷ್ಟ ಇಲ್ಲ. ಅದಕ್ಕೆ ಕಡ್ಡಿ ಬದಲಾಯಿಸಿ ಪ್ರಯೋಜನ ಇಲ್ಲ.

ಬಟ್ಟೆ ಸುಕ್ಕು ಬಿದ್ದಿದೆ, ಚಿತ್ರ ಕುಗ್ಗಿದೆ

ಒಳಮೈ ಹೊರಗೆ ಮಾಡಿ, ಫ್ಲೋಟ್ ಕೆಳಗೆ ಸೂಜಿಯ ತುದಿ ಹಾಕಿ ಎತ್ತಿ. ಸರಿಯಾದ ಫ್ಲೋಟ್ ಸೂಜಿಯ ಜೊತೆ ಸ್ವಲ್ಪ ಮೇಲೇಳುತ್ತದೆ, ಬಟ್ಟೆ ಅಲ್ಲಾಡುವುದಿಲ್ಲ. ಗಿಡ್ಡ ಫ್ಲೋಟ್ ಎತ್ತಿದ ಕೂಡಲೇ ಎರಡೂ ಪಕ್ಕದ ಸ್ಟಿಚ್‌ಗಳು ಒಟ್ಟಿಗೆ ಎದ್ದು ಬರುತ್ತವೆ. ಬೆಳಕಿಗೆ ಹಿಡಿದರೆ ಅದು ತಂತಿಯ ಹಾಗೆ ಬಿಗಿದುಕೊಂಡು, ಅದರ ಹಿಂದಿನ ಬಟ್ಟೆ ಸಣ್ಣ ಗುಡ್ಡದ ಹಾಗೆ ಉಬ್ಬಿರುವುದು ಕಾಣುತ್ತದೆ. ಇದೊಂದು ಗುರುತು ಕಣ್ಣಿಗೆ ಕೂತರೆ ಮುಂದೆ ಯಾರ ಹೆಣಿಗೆ ನೋಡಿದರೂ ಕಾಯಿಲೆ ಹೇಳಬಹುದು.

ಇನ್ನು, ಸುಕ್ಕು ಎಲ್ಲೆಲ್ಲಿ ಇದೆ ನೋಡಿ.

ಇಡೀ ಕೌಲ್ ಮೇಲೆ ಸಮವಾಗಿ ಇದ್ದರೆ ನಿಮ್ಮ ಕೈಯೇ ಬಿಗಿ. ಬಣ್ಣ ಬದಲಾಯಿಸುವಾಗ ಬಲಗಡ್ಡಿಯ ಮೇಲಿನ ಸ್ಟಿಚ್‌ಗಳು ಒತ್ತೊತ್ತಾಗಿ ಕೂತಿರುತ್ತವೆ. ಹಾಗೇ ದಾರ ಎಳೆದರೆ ಫ್ಲೋಟ್ ಗಿಡ್ಡವಾಗುತ್ತದೆ. ಬಣ್ಣ ಬದಲಾಯಿಸುವ ಮೊದಲು ಬಲಗಡ್ಡಿಯ ಕೊನೆಯ ಏಳೆಂಟು ಸ್ಟಿಚ್‌ಗಳನ್ನು ಬೆರಳಿಂದ ಸವರಿ, ಅವು ಬಟ್ಟೆಯಲ್ಲಿ ಇರಬೇಕಾದ ಅಗಲಕ್ಕೆ ಹರಡಿ. ಆಮೇಲೆ ಹೊಸ ಬಣ್ಣದ ಮೊದಲ ಸ್ಟಿಚ್ ಹಾಕಿ. ಪ್ರತಿ ಸಲ. ಬೇಜಾರಾಗುತ್ತದೆ, ನಾಲ್ಕೈದು ಸುತ್ತು ಆದಮೇಲೆ ಕೈಗೆ ತಾನಾಗೇ ಬರುತ್ತದೆ.

ಸುಕ್ಕು ಎರಡೇ ಜಾಗದಲ್ಲಿ, ಮೇಲಿಂದ ಕೆಳಗೆ ಗೆರೆ ಎಳೆದ ಹಾಗೆ ಇದ್ದರೆ ಅದು ಕಡ್ಡಿಗಳು ಕೂಡುವ ಜಾಗ. ಉದ್ದ ತಂತಿಯ ಕಡ್ಡಿಯನ್ನು ಮಡಚಿ ಹೆಣೆಯುವವರಿಗೂ ನಾಲ್ಕೈದು ಗಿಡ್ಡ ಕಡ್ಡಿ ಬಳಸುವವರಿಗೂ ಇದು ಬರುತ್ತದೆ. ಮೂಲೆ ತಿರುಗುವಾಗ ಫ್ಲೋಟ್ ಒಳಬದಿಯ ಹತ್ತಿರದ ದಾರಿ ಹಿಡಿಯುತ್ತದೆ. ಎರಡು ಉಪಾಯ ಇವೆ. ಕತ್ತು ಸಾಕಷ್ಟು ದಪ್ಪ ಇದ್ದರೆ 40 ಸೆಂಟಿಮೀಟರಿನ ಸರ್ಕ್ಯುಲರ್ ಕಡ್ಡಿ (ಗಿಡ್ಡ ತಂತಿಯಿಂದ ಕೂಡಿಸಿದ ಜೋಡಿ ಕಡ್ಡಿ) ಬಳಸಿ, ಮೂಲೆಯೇ ಇರುವುದಿಲ್ಲ. ಇಲ್ಲದಿದ್ದರೆ ಕೊಳವೆಯನ್ನು ಒಳಹೊರಗು ತಿರುಗಿಸಿಕೊಂಡು ಹೆಣೆಯಿರಿ. ಸ್ಟಿಚ್ ಹಾಕುವುದು ನಿಮ್ಮಿಂದ ದೂರದ ಬದಿಯಲ್ಲಿ, ಫ್ಲೋಟ್‌ಗಳು ಕೊಳವೆಯ ಹೊರಗೆ. ಹೊರಗಿನ ದಾರಿ ಯಾವಾಗಲೂ ಉದ್ದ. ಬಟ್ಟೆಯ ದಪ್ಪ 2.5 ಮಿಲಿಮೀಟರ್ ಇದ್ದರೆ ಹೊರಸುತ್ತು ಒಳಸುತ್ತಿಗಿಂತ ಒಂದೂವರೆ ಸೆಂಟಿಮೀಟರ್ ದೊಡ್ಡದು. ಬಿಟ್ಟಿ ಸಿಗುವ ಹಿಗ್ಗು.

ಒಂದೋ ಎರಡೋ ಫ್ಲೋಟ್ ಮಾತ್ರ ಗಿಡ್ಡ ಇದ್ದರೆ ಬಿಚ್ಚಬೇಕಿಲ್ಲ. ಅದೇ ಬಣ್ಣದ ಪಕ್ಕದ ಸ್ಟಿಚ್‌ನಿಂದ ಸೂಜಿಯ ತುದಿಯಲ್ಲಿ ಸ್ವಲ್ಪ ದಾರ ಎಳೆದು ಫ್ಲೋಟ್‌ಗೆ ಕೊಡಿ. ಆ ಸ್ಟಿಚ್‌ಗೆ ಅದರ ಪಕ್ಕದಿಂದ, ಅದಕ್ಕೆ ಇನ್ನೊಂದರಿಂದ. ಹತ್ತು ಸ್ಟಿಚ್ ಸೇರಿ ಒಂದು ಸಾಲ ತೀರಿಸಿದ ಹಾಗೆ.

ಒದ್ದೆ ಮಾಡಿ ಎಳೆದು ಒಣಗಿಸಿದರೆ, ಅಂದರೆ ಬ್ಲಾಕಿಂಗ್ ಮಾಡಿದರೆ, ಎಲ್ಲ ಸರಿಹೋಗುತ್ತದೆ ಅನ್ನುವವರಿದ್ದಾರೆ. ಸ್ಟಿಚ್‌ಗಳ ಏರುಪೇರು ಸರಿಹೋಗುವುದು ನಿಜ. ಗಿಡ್ಡ ಫ್ಲೋಟ್ ಉದ್ದ ಆಗುವುದಿಲ್ಲ. ಹಿಂದೆ ಪೂರ್ತಿ ತಂತಿ ಬಿಗಿದ ಹಾಗಿದ್ದರೆ ಬಣ್ಣದ ಭಾಗ ಬಿಚ್ಚಿ. ಅಲ್ಲಿ ನಾನೂ ಸಮಾಧಾನ ಹೇಳುವುದಿಲ್ಲ.

ಉಗುರು ಸಿಕ್ಕಿಕೊಳ್ಳುತ್ತಿದೆ

ಇದು ಮೇಲಿನದರ ತದ್ವಿರುದ್ಧ. ಫ್ಲೋಟ್ ತುಂಬಾ ಉದ್ದ, ಇಲ್ಲವೇ ತುಂಬಾ ಸಡಿಲ. ಮನುಷ್ಯರ ಟೋಪಿಯಲ್ಲಿ 7 ಸ್ಟಿಚ್ ಉದ್ದದ ಫ್ಲೋಟ್ ಇದ್ದರೂ ನಡೆಯುತ್ತದೆ. ನಾಯಿ ಹಾಗಲ್ಲ. ಹಿಂಗಾಲು ಎತ್ತಿ ಕತ್ತು ಕೆರೆದುಕೊಳ್ಳುತ್ತದೆ, ಉಗುರು ಅಂಚಿನಿಂದ ಒಳಗೆ ನುಗ್ಗುತ್ತದೆ, ಸಿಕ್ಕಿಕೊಂಡರೆ ಗಾಬರಿಯಲ್ಲಿ ಜಗ್ಗುತ್ತದೆ. ಬೆಲ್ಟಿನ ಬಕಲ್, ಕೊರಳಿನ ಬಿಲ್ಲೆ ಕೂಡ ಅದೇ ಕೆಲಸ ಮಾಡುತ್ತವೆ.

ನಿಮ್ಮ ಕಿರುಬೆರಳನ್ನು ಒಳಮೈ ಮೇಲೆ ಅಡ್ಡಾದಿಡ್ಡಿ ಎಳೆದು ನೋಡಿ. ಬೆರಳ ತುದಿ ಯಾವ ಎಳೆಯ ಕೆಳಗೂ ಹೋಗಬಾರದು. ಹೋದ ಕಡೆ ಅದೇ ಬಣ್ಣದ ಸಣ್ಣ ದಾರ ತಗೊಂಡು, ಫ್ಲೋಟ್‌ನ ನಡುವನ್ನು ಹಿಂದಿನ ಸ್ಟಿಚ್‌ನ ಬೆನ್ನಿಗೆ ಒಂದು ಹೊಲಿಗೆ ಹಾಕಿ ಕಟ್ಟಿ. ಮುಂದೆ ಕಾಣದ ಹಾಗೆ ದಾರದ ಅರ್ಧ ದಪ್ಪಕ್ಕೆ ಮಾತ್ರ ಸೂಜಿ ಚುಚ್ಚಿ.

ಹೊಸದಾಗಿ ಹೆಣೆಯುವಾಗ 4 ಸ್ಟಿಚ್‌ಗಿಂತ ಉದ್ದದ ಫ್ಲೋಟ್ ಬಂದರೆ ನಡುವೆ ಒಮ್ಮೆ ಎರಡೂ ದಾರ ತಿರುಚಿ ಸಿಕ್ಕಿಸಿ. ಮೇಲಿನ ಸುತ್ತಿನಲ್ಲಿ ಅದೇ ಜಾಗದಲ್ಲಿ ಮತ್ತೆ ಸಿಕ್ಕಿಸಬೇಡಿ, ಒಂದು ಸ್ಟಿಚ್ ಪಕ್ಕಕ್ಕೆ ಸರಿಸಿ. ಒಂದರ ಮೇಲೊಂದು ಬಂದರೆ ಗಾಢ ಬಣ್ಣ ಮುಂದಕ್ಕೆ ಇಣುಕುತ್ತದೆ, ಬಿಳಿ ಹಿನ್ನೆಲೆಯಲ್ಲಿ ಕೊಳೆಯ ಗೆರೆ ಹಾಗೆ.

ನನ್ನ ಅಭಿಪ್ರಾಯ ಕೇಳಿದರೆ, ಚಿತ್ರ ಆರಿಸುವಾಗಲೇ ಸಣ್ಣದನ್ನು ಆರಿಸಿ. ನಾರ್ವೆಯ ಹಳೆಯ ಸ್ವೆಟರುಗಳಲ್ಲಿ ಗಾಢ ಹಿನ್ನೆಲೆಯ ಮೇಲೆ ಒಂದೊಂದೇ ಬಿಳಿ ಸ್ಟಿಚ್ ಚಿಮುಕಿಸಿದ ಹಾಗೆ ಇರುತ್ತದೆ. ಆ ಸ್ವೆಟರಿನ ಹೆಸರಿನ ಅರ್ಥವೇ ಹೇನಿನ ಅಂಗಿ. ನಾಯಿಗೆ ಹೇನಿನ ಚಿತ್ರ ಹಾಕುವುದು ತಮಾಷೆ ಅನ್ನಿಸುತ್ತದೆ ನಿಜ. ಚುಕ್ಕಿಗಳನ್ನು ಹತ್ತಿರ ಇಟ್ಟುಕೊಂಡರೆ ಫ್ಲೋಟ್ ಗಿಡ್ಡವಾಗೇ ಇರುತ್ತದೆ, ಉಗುರಿಗೆ ಕೆಲಸ ಇರುವುದಿಲ್ಲ.

ಒಳಗೆ ಫ್ಲೀಸ್ ಬಟ್ಟೆ ಹೊಲಿದರೆ ಉಗುರಿನ ಕಾಟ ಪೂರ್ತಿ ತಪ್ಪುತ್ತದೆ. ಆದರೆ ಹಿಗ್ಗುವ ಬಟ್ಟೆಯೇ ಆಗಬೇಕು, ಹಿಗ್ಗುವ ದಿಕ್ಕು ಕತ್ತಿನ ಸುತ್ತ ಬರಬೇಕು. ಇಲ್ಲದಿದ್ದರೆ ಮತ್ತೆ ತಲೆ ದಾಟದ ಕತೆಗೆ ವಾಪಸ್.

ಚಿತ್ರ ಕಾಣುತ್ತಿಲ್ಲ

ಎರಡು ಬಣ್ಣದ ಉಂಡೆಗಳನ್ನು ಪಕ್ಕಪಕ್ಕ ಇಟ್ಟು ಫೋನಿನಲ್ಲಿ ಕಪ್ಪು ಬಿಳುಪು ಫೋಟೋ ತೆಗೆಯಿರಿ. ಎರಡೂ ಒಂದೇ ಬೂದು ಬಣ್ಣಕ್ಕೆ ಬಂದರೆ ಅಲ್ಲೇ ಉತ್ತರ ಸಿಕ್ಕಿತು. ಕೆಂಪು ಹಸಿರು ಕಣ್ಣಿಗೆ ಎಷ್ಟೇ ಬೇರೆ ಕಂಡರೂ ಒಂದೇ ಗಾಢತೆ ಇದ್ದರೆ ನಾಲ್ಕು ಹೆಜ್ಜೆ ದೂರದಿಂದ ಕಲಸಿದ ಹಾಗೆ ಕಾಣುತ್ತದೆ. ಇದಕ್ಕೆ ರಿಪೇರಿ ಇಲ್ಲ, ಒಂದು ಬಣ್ಣ ಬದಲಾಯಿಸಬೇಕು. ಅಂದ ಹಾಗೆ, ನಾಯಿಯ ಕಣ್ಣಿಗೆ ಕೆಂಪು ಹಸಿರಿನ ವ್ಯತ್ಯಾಸ ಸರಿಯಾಗಿ ಗೊತ್ತಾಗುವುದಿಲ್ಲ. ಬಣ್ಣ ಹಿಡಿಯುವ ಕೋಶಗಳು ನಮಗೆ ಮೂರು ಬಗೆ, ಅದಕ್ಕೆ ಎರಡೇ. ನೀಲಿ, ಹಳದಿ ಅದರ ಪಾಲಿನವು. ಕೌಲ್‌ನ ಅಂದ ನಮಗಾಗಿಯೇ ಅನ್ನುವುದನ್ನು ಒಪ್ಪಿಕೊಂಡುಬಿಡೋಣ.

ಫೋಟೋದಲ್ಲಿ ಬಣ್ಣ ಬೇರೆಯಾಗೇ ಇದೆ, ಆದರೂ ಚಿತ್ರ ಮಂಕು. ಅಥವಾ ಕೆಳಗಿನ ಅರ್ಧ ಚೆನ್ನಾಗಿದೆ, ಮೇಲಿನ ಅರ್ಧ ಮಂಕು. ಆಗ ಒಳಮೈ ನೋಡಿ. ಸರಿಯಾದ ಹೆಣಿಗೆಯಲ್ಲಿ ಒಂದು ಬಣ್ಣದ ಫ್ಲೋಟ್ ಯಾವಾಗಲೂ ಇನ್ನೊಂದರ ಕೆಳಗೆ ಹಾಯ್ದಿರುತ್ತದೆ. ಕೆಳಗೆ ಹಾಯುವ ದಾರ ಕೂದಲೆಳೆಯಷ್ಟು ಉದ್ದ ದಾರಿ ಹಿಡಿಯುವುದರಿಂದ ಅದರ ಸ್ಟಿಚ್ ಸ್ವಲ್ಪ ದೊಡ್ಡದಾಗಿ, ಮುಂದೆ ಎದ್ದು ಕಾಣುತ್ತದೆ. ಚಿತ್ರದ ಬಣ್ಣ ಕೆಳಗೆ, ಹಿನ್ನೆಲೆಯ ಬಣ್ಣ ಮೇಲೆ ಇರಬೇಕು. ಕೆಲಸ ನಿಲ್ಲಿಸಿ ಎದ್ದು ಹೋಗಿ, ಮತ್ತೆ ಕೂತಾಗ ಉಂಡೆಗಳು ಅದಲು ಬದಲಾಗಿರುತ್ತವೆ. ಆ ಸುತ್ತಿನಿಂದ ಮೇಲೆ ಕ್ರಮ ತಿರುಗಿರುತ್ತದೆ. ಎರಡು ಕೈಯಲ್ಲಿ ಎರಡು ಬಣ್ಣ ಹಿಡಿಯುವವರು ಚಿತ್ರದ ಬಣ್ಣವನ್ನು ಎಡಗೈಗೆ ಅಂತ ಗಟ್ಟಿ ಮಾಡಿಕೊಳ್ಳಿ. ನಾನು ಚಿತ್ರದ ಉಂಡೆಯನ್ನು ಎಡಕ್ಕೆ ಒಂದು ಚೊಂಬಿನಲ್ಲಿ ಇಡುತ್ತೇನೆ. ಗುಂಡ ಎಳೆದಾಡುವುದೂ ತಪ್ಪುತ್ತದೆ.

ಆಗಿಹೋದ ಸುತ್ತುಗಳನ್ನು ಇದೊಂದಕ್ಕೇ ಬಿಚ್ಚಬೇಕಾ? ನಾನಂತೂ ಬಿಚ್ಚುವುದಿಲ್ಲ.

ಬಣ್ಣ ಬದಲಾಗುವ ರಿಬ್ ಪಟ್ಟಿಯಲ್ಲಿ ಬೇರೆ ಬಣ್ಣದ ಚುಕ್ಕಿ ಚುಕ್ಕಿ ಗೆರೆ ಬಂದಿದ್ದರೆ ಅದು ಪರ್ಲ್‌ನ ಉಬ್ಬು. ಬಣ್ಣ ಬದಲಾಗುವ ಒಂದು ಸುತ್ತನ್ನು ಪೂರ್ತಿ ನಿಟ್ ಮಾಡಿ, ಮುಂದಿನ ಸುತ್ತಿನಿಂದ ರಿಬ್ ಮುಂದುವರಿಸಿ. ಮಾಯ.

ಚಿತ್ರ ಒಂದು ಕಡೆಗೆ ವಾಲುತ್ತಿದೆ, ಅಥವಾ ಒಂದು ಜಾಗದಲ್ಲಿ ಮುರಿದಿದೆ

ಇವೆರಡೂ ಒಂದೇ ಅಲ್ಲ. ಸುತ್ತು ಹೋಗುತ್ತಾ ಚಿತ್ರ ಒಂದೇ ದಿಕ್ಕಿಗೆ ಮೆಟ್ಟಿಲು ಮೆಟ್ಟಿಲಾಗಿ ಜಾರುತ್ತಿದ್ದರೆ ಎಣಿಕೆ ತಪ್ಪಿದೆ. ಒಟ್ಟು ಸ್ಟಿಚ್ ಚಿತ್ರದ ಅಳತೆಗೆ ಭಾಗ ಹೋಗಬೇಕು. 88 ಸ್ಟಿಚ್‌ಗೆ 8ರ ಚಿತ್ರ 11 ಸಲ ಸರಿಯಾಗಿ ಕೂರುತ್ತದೆ. 6ರ ಚಿತ್ರ 14 ಸಲ ಆಗಿ 4 ಸ್ಟಿಚ್ ಉಳಿಯುತ್ತವೆ. ಪ್ರತಿ ಚಿತ್ರದ ನಡುವೆ ಒಂದು ಮಾರ್ಕರ್, ಇಲ್ಲದಿದ್ದರೆ ಬೇರೆ ಬಣ್ಣದ ದಾರದ ಗಂಟು ಹಾಕಿ. ತಪ್ಪು ಆದ ಚಿತ್ರದಲ್ಲೇ ಸಿಕ್ಕಿಬೀಳುತ್ತದೆ, ಮೂರು ಸುತ್ತು ಆದಮೇಲೆ ಅಲ್ಲ.

ಸುತ್ತು ಶುರುವಾಗುವ ಒಂದೇ ಗೆರೆಯಲ್ಲಿ ಚಿತ್ರ ಒಂದು ಸ್ಟಿಚ್ ಮೇಲೆ ಕೆಳಗೆ ಆಗಿದ್ದರೆ ಅದು ತಪ್ಪೇ ಅಲ್ಲ. ಸುತ್ತಿನ ಹೆಣಿಗೆ ನಿಜಕ್ಕೂ ಸುರುಳಿ. ಕೊನೆಯ ಸ್ಟಿಚ್ ಮೊದಲನೆಯದಕ್ಕಿಂತ ಒಂದು ಮೆಟ್ಟಿಲು ಮೇಲೆ ಬರುತ್ತದೆ. ಎರಡು ಬಣ್ಣದ ಸಾದಾ ಪಟ್ಟಿಯಾದರೆ, ಹೊಸ ಬಣ್ಣದ ಎರಡನೆಯ ಸುತ್ತಿನ ಮೊದಲ ಸ್ಟಿಚ್ ಅನ್ನು ಹೆಣೆಯದೆ ಸುಮ್ನೆ ಬಲಗಡ್ಡಿಗೆ ಜಾರಿಸಿ, ಮೆಟ್ಟಿಲು ಬಹುಪಾಲು ಅಳಿಸುತ್ತದೆ. ಚಿತ್ರದಲ್ಲಿ ಮುರಿದರೆ ಅದೇ ಬಣ್ಣದ ದಾರದಿಂದ ಆ ಒಂದೆರಡು ಸ್ಟಿಚ್‌ಗಳ ಮೇಲೆ ಅದೇ ಆಕಾರದಲ್ಲಿ ಹೊಲಿದು ಮುಚ್ಚಿ. ಮುರಿದ ಗೆರೆ ಗಂಟಲ ಕೆಳಗೆ ಬರುವ ಹಾಗೆ ಹಾಕಿ ಅಂತ ಸಲಹೆ ಕೊಡುತ್ತಾರೆ. ಹತ್ತು ನಿಮಿಷ ಓಡಾಡಿದ ಮೇಲೆ ಅದು ಎಲ್ಲಿರುತ್ತದೆ ಅಂತ ಯಾರೂ ಹೇಳಲಾರರು.

ಜಾರುತ್ತಿದೆ, ಸುರುಳಿ ಸುತ್ತುತ್ತಿದೆ

ಅಂಚು ಸುರುಳಿ ಸುತ್ತಿದರೆ ರಿಬ್ ಇಲ್ಲ, ಇಲ್ಲವೇ ಸಾಲದು. ಬರೀ ನಿಟ್‌ನ ಅಂಚು ಸುತ್ತಿಕೊಳ್ಳುವುದು ಅದರ ಹುಟ್ಟುಗುಣ, ಇಸ್ತ್ರಿ ಮಾಡಿದರೂ ಹೋಗುವುದಿಲ್ಲ. ಎರಡು ನಿಟ್ ಎರಡು ಪರ್ಲ್ ರಿಬ್ 4 ಸೆಂಟಿಮೀಟರ್ ಸೇರಿಸಿ.

ಕೌಲ್ ಕೆಳಗೆ ಜಾರಿ ಭುಜದ ಮೇಲೆ ಕೂತರೆ ರಿಬ್ ಸಡಿಲ. ಅದನ್ನು ನಡುಭಾಗದ ಕಡ್ಡಿಯಲ್ಲೇ ಹೆಣೆದಿರುತ್ತೀರಿ. ಎರಡು ಅಳತೆ ಸಣ್ಣ ಕಡ್ಡಿ ಬೇಕಿತ್ತು. ಬಿಚ್ಚಲು ಮನಸ್ಸಿಲ್ಲದಿದ್ದರೆ ರಿಬ್‌ನ ಒಳಗೆ ಸಣ್ಣ ಎಲಾಸ್ಟಿಕ್ ದಾರ ಎರಡು ಸುತ್ತು ಹಾಯಿಸಿ. ಹಾಕಿದ ಮೇಲೆ ಎರಡು ಬೆರಳು ಆರಾಮಾಗಿ ಒಳಗೆ ಹೋಗಬೇಕು. ಹೋಗದಿದ್ದರೆ ಎಲಾಸ್ಟಿಕ್ ತೆಗೆಯಿರಿ.

ಮುಂದಕ್ಕೆ ಜಾರಿ ತಲೆಯಿಂದಲೇ ಕಳಚಿಕೊಂಡರೆ ನಿಮ್ಮ ನಾಯಿಯ ತಲೆ ಕತ್ತಿಗಿಂತ ಸಣ್ಣದು. ಗ್ರೇಹೌಂಡ್ ಥರದ ನಾಯಿಗಳು ಹಾಗೇ. ಅವಕ್ಕೆ ಉದ್ದ ಕೌಲ್ ಬೇಕು, ಕಿವಿಯನ್ನೂ ಮುಚ್ಚಿಕೊಂಡು ಭುಜದ ತನಕ ಬರುವಂಥದ್ದು. ಹಿಡಿತ ಇಡೀ ಉದ್ದದಲ್ಲಿ ಸಿಗುತ್ತದೆ.

ಗಂಟಲ ಹತ್ತಿರ ಬಟ್ಟೆ ಮುದ್ದೆಯಾಗಿ ಬಾಯಿಗೆ ಬರುತ್ತಿದ್ದರೆ ಉದ್ದ ಜಾಸ್ತಿ ಆಯಿತು. ನಾಯಿಯ ಕತ್ತು ಮೇಲೆ ಉದ್ದ, ಕೆಳಗೆ ಗಿಡ್ಡ. ನಾವು ಅಳೆಯುವುದು ಮೇಲೆ. ತಲೆ ತಗ್ಗಿಸಿ ಬಟ್ಟಲಿಗೆ ಬಾಯಿ ಹಾಕಿದಾಗ ಗಂಟಲಿನ ಉದ್ದ ಎಷ್ಟು ಉಳಿಯುತ್ತದೆ ನೋಡಿ, ಅದಕ್ಕೆ ತಕ್ಕ ಹಾಗೆ ಗಿಡ್ಡ ಮಾಡಿ.

ನೀರು ಬಿದ್ದ ಮೇಲೆ ಕೆಟ್ಟಿತು

ಬಣ್ಣ ಬಿಡುವುದು ಮೊದಲು ಮೇಲಿನ ಅಂಚಲ್ಲೇ ಕಾಣುತ್ತದೆ. ನೀರು ಕುಡಿಯುವಾಗ ಒದ್ದೆಯಾಗುವುದು, ಜೊಲ್ಲು ಸುರಿಯುವುದು ಅಲ್ಲೇ. ಬಿಳಿ ಸ್ಟಿಚ್‌ಗಳು ಗುಲಾಬಿ ಆಗಿದ್ದರೆ ಒಣಗಲು ಬಿಡಬೇಡಿ. ತಣ್ಣೀರಿನಲ್ಲಿ ಅದ್ದಿ, ಹಿಂಡದೆ ಒತ್ತಿ ತೆಗೆದು, ನೀರು ಬದಲಾಯಿಸುತ್ತಾ ಬನ್ನಿ, ನೀರು ತಿಳಿಯಾಗುವ ತನಕ. ಒಣಗಿದ ಮೇಲೆ ಕೈ ಮೀರಿತು. ಇದಕ್ಕೆ ಮದ್ದು ಹೆಣೆಯುವ ಮೊದಲೇ ಇದೆ. ಗಾಢ ಬಣ್ಣದ ಒಂದು ಗೇಣು ದಾರ ಒದ್ದೆ ಮಾಡಿ, ಬಿಳಿ ಬಟ್ಟೆಯಲ್ಲಿ ಸುತ್ತಿ, ಗಟ್ಟಿಯಾಗಿ ಒತ್ತಿ ನೋಡಿ. ಬಟ್ಟೆಗೆ ಬಣ್ಣ ಹತ್ತಿದರೆ ಆ ದಾರವನ್ನು ಬಿಳಿಯ ಜೊತೆ ಸೇರಿಸಬೇಡಿ. ನೆಕ್ಕುವ ಪ್ರಾಣಿಯ ಕತ್ತಿಗಂತೂ ಬೇಡವೇ ಬೇಡ.

ಕುಗ್ಗಿ, ದಪ್ಪ ಕಂಬಳಿಯ ಹಾಗಾಗಿ, ಸ್ಟಿಚ್ ಬಿಡಿಬಿಡಿಯಾಗಿ ಕಾಣದಿದ್ದರೆ ಉಣ್ಣೆ ಗಂಟುಕಟ್ಟಿದೆ. ಬಿಸಿ, ಒದ್ದೆ, ಉಜ್ಜಾಟ ಮೂರೂ ಸೇರಿದರೆ ಹೀಗಾಗುತ್ತದೆ. ಇದು ವಾಪಸ್ ಬರುವುದಿಲ್ಲ. ಮೆಷಿನ್‌ಗೆ ಹಾಕದಿದ್ದರೂ ಒಳಮೈ ಮಾತ್ರ ಹಾಗಾಗಿದ್ದರೆ, ಒದ್ದೆ ಕೌಲ್ ಹಾಕಿಕೊಂಡೇ ನಾಯಿ ಓಡಾಡಿದೆ.

ಉಲ್ಟಾ, ತೊಳೆದ ಮೇಲೆ ದೊಡ್ಡದಾಗಿ ಜೋಲು ಬಿದ್ದರೆ ಅದು ಸೂಪರ್‌ವಾಶ್ ಉಣ್ಣೆ. ಗಂಟುಕಟ್ಟದ ಹಾಗೆ ಸಂಸ್ಕರಿಸಿದ್ದು, ನೀರಲ್ಲಿ ಹಿಗ್ಗುತ್ತದೆ. ಲೇಬಲ್‌ನಲ್ಲಿ ಒಪ್ಪಿಗೆ ಇದ್ದರೆ ಡ್ರೈಯರ್‌ನಲ್ಲಿ ಸ್ವಲ್ಪ ಹೊತ್ತು ತಿರುಗಿಸಿ, ಬಹುತೇಕ ಮೊದಲಿನ ಅಳತೆಗೆ ಬರುತ್ತದೆ. ಅಕ್ರಿಲಿಕ್ ಆದರೆ ಇಸ್ತ್ರಿಪೆಟ್ಟಿಗೆ ಮುಟ್ಟಿಸಬೇಡಿ. ಒಮ್ಮೆ ಬಿಸಿ ತಾಗಿದರೆ ಜೀವ ಹೋದ ಹಾಗೆ ಮೆತ್ತಗಾಗುತ್ತದೆ, ರಿಬ್ ಮತ್ತೆ ಯಾವತ್ತೂ ಹಿಡಿಯುವುದಿಲ್ಲ.

ನಾಯಿ ಕೆರೆಯುತ್ತಿದೆ, ಕಚ್ಚುತ್ತಿದೆ

ಕೌಲ್ ತೆಗೆದು ಚರ್ಮ ನೋಡಿ. ಕೆಂಪಾಗಿದ್ದರೆ ದಾರ ಒರಟು, ಅಥವಾ ಬಿಗಿ. ಚರ್ಮ ಸರಿಯಾಗಿದ್ದು ಕೂದಲು ಸಿಕ್ಕುಗಟ್ಟಿದ್ದರೆ ಉಜ್ಜಾಟ ಕಾರಣ. ಉದ್ದ ಕೂದಲಿನ ನಾಯಿಗೆ ಕಿವಿಯ ಹಿಂದೆ ಇದು ಬೇಗ ಆಗುತ್ತದೆ, ಪ್ರತಿ ಸಲ ತೆಗೆದ ಮೇಲೆ ಬಾಚಿ. ನಾಲಿಗೆ ಚಾಚಿ ಏದುಸಿರು ಬಿಡುತ್ತಿದ್ದರೆ ಸೆಕೆ ಆಗಿದೆ, ತೆಗೆದಿಟ್ಟುಬಿಡಿ.

ಕಚ್ಚಿ ಕಚ್ಚಿ ಕೌಲ್‌ನ ಒಂದು ತುಂಡು ಕಾಣೆಯಾಗಿದ್ದರೆ ಮಾತ್ರ ಹೆಣಿಗೆಯ ಚಿಂತೆ ಬಿಟ್ಟು, ಕಾಣೆಯಾದ ದಾರ ಎಲ್ಲಿ ಅಂತ ಹುಡುಕಿ. ನೆಲದಲ್ಲಿ ಸಿಗದಿದ್ದರೆ ಹೊಟ್ಟೆಯಲ್ಲಿದೆ. ಉದ್ದ ದಾರ ಕರುಳಲ್ಲಿ ಸಿಕ್ಕಿಕೊಂಡರೆ ಕರುಳು ನೆರಿಗೆ ಕಟ್ಟಿಕೊಂಡು ಸೀಳುವ ಅಪಾಯ ಇದೆ. ಬಾಯಿಂದಲೋ ಹಿಂದಿನಿಂದಲೋ ದಾರದ ತುದಿ ಕಂಡರೂ ಎಳೆಯಬೇಡಿ. ಆಗಲೇ ಪಶುವೈದ್ಯರ ಹತ್ತಿರ ಹೋಗಿ. ಇದೇ ಕಾರಣಕ್ಕೆ ನಾನು ಗುಂಡನನ್ನು ಕೌಲ್ ಜೊತೆ ಒಬ್ಬನೇ ಬಿಡುವುದಿಲ್ಲ. ಸುತ್ತಾಡಿ ಬಂದ ಮೇಲೆ ಬೆಲ್ಟಿನ ಜೊತೆಗೇ ಅದೂ ಮೊಳೆಗೆ ಹೋಗುತ್ತದೆ.

ಮುಗಿದ ಮೇಲೆ ಎರಡೂ ಬಣ್ಣದ ದಾರ ಐದೈದು ಮೀಟರ್ ಎತ್ತಿಡಿ. ಜೊತೆಗೆ ಚೀಟಿಯಲ್ಲಿ ಕಡ್ಡಿಯ ಅಳತೆ, ಒಟ್ಟು ಸ್ಟಿಚ್, ತಲೆಯ ಸುತ್ತಳತೆ ಬರೆದಿಡಿ. ನನ್ನ ಚೀಟಿಯಲ್ಲಿ ಕೆಳಗೆ ಇನ್ನೊಂದು ಸಾಲೂ ಇದೆ: ಅಂಚು ಸಡಿಲ ಹಾಕು.